ಎಡಗಡೆಯ ಸಿಂಹ

ಐದು ದಿನದಲ್ಲಿ ಅತ್ತಿಗೆ ಇಪ್ಪತ್ತಾರು ಜನರನ್ನು ಹನ್ನೊಂದು ಹಳೆಯ ಕಟ್ಟಡಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದಳು. ಅದರಲ್ಲಿ ಒಂದೂ ಅವಳಿಗೆ ಬೇಕಾದ ಫೋಟೋ ಆಗಿರಲಿಲ್ಲ.

ಅವಳು ಪರದೇಶ ಪ್ರವಾಸದ ಆ ಬಸ್ಸಿನವರಿಗೆಲ್ಲ ಅತ್ತಿಗೆಯೇನೂ ಅಲ್ಲ. ನಿಜಕ್ಕೂ ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ, ಅವಳ ಗಂಡನ ತಮ್ಮನಿಗೆ. ಆದರೆ ಆ ಮೈದುನನ ಗಂಟಲು ದೊಡ್ಡದು. ವಿಮಾನ ಇಳಿದ ಗಳಿಗೆಯಿಂದ "ಅತ್ತಿಗೆ, ಇಲ್ಲಿ! ಅತ್ತಿಗೆ, ನಿಮ್ಮ ಚೀಲ!" ಎಂದು ಅವನು ಕೂಗಿದ್ದನ್ನು ಕೇಳಿ ಕೇಳಿ, ಎರಡನೇ ದಿನಕ್ಕೆ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ನಿವೃತ್ತ ಮೇಷ್ಟ್ರು ಕೂಡ ಅತ್ತಿಗೆ ಎಂದೇ ಕರೆಯತೊಡಗಿದರು. ಮೂರನೇ ದಿನ, ಅವಳದು ಫೋಟೋ ಸ್ಟುಡಿಯೋ ಎಂದು ಮೈದುನ ಡಂಗುರ ಸಾರಿದ. ಅಲ್ಲಿಗೆ ಅವಳ ಪ್ರವಾಸದ ಕತೆ ಮುಗಿಯಿತು. ಗೋಪುರ ಕಂಡರೆ ಸಾಕು, ಸೇತುವೆ ಕಂಡರೆ ಸಾಕು, ಎಲ್ಲರ ಫೋನುಗಳೂ ಅವಳ ಕೈಗೆ. "ಅತ್ತಿಗೆ, ನಮ್ಮದೊಂದು. ಗೋಪುರ ಪೂರ್ತಿ ಬರಬೇಕು, ನಾವೂ ಪೂರ್ತಿ ಬರಬೇಕು." ಅವಳು ಹಲ್ಲು ಕಚ್ಚಿಕೊಂಡು "ಹತ್ತಿರ ಬನ್ನಿ, ಅಲ್ಲಾಡಬೇಡಿ" ಎನ್ನುವುದು, ತೆಗೆಯುವುದು. ನೋಡಿದರೆ ಗೋಪುರ ಯಾರದೋ ಟೋಪಿಯ ಮೇಲೆ ಕೊಂಬಿನ ಹಾಗೆ ಎದ್ದಿರುತ್ತಿತ್ತು.

ಅವಳು ಬಂದಿದ್ದು ಇದಕ್ಕಲ್ಲ. ಬಂದಿದ್ದು ಒಂದು ಮೆಟ್ಟಿಲಿಗಾಗಿ.

ಅವರ ಊರಿನ ಸ್ಟುಡಿಯೋದಲ್ಲಿ ಒಂದು ಪರದೆ ಇತ್ತು. ಗೋಡೆಯಗಲದ ಬಟ್ಟೆಯ ಮೇಲೆ ಪರದೇಶದ ಅರಮನೆಯೊಂದರ ಒಳಮೆಟ್ಟಿಲು ಬರೆದಿತ್ತು. ಕೆಳಗೆ ಎಡಗಡೆ ಒಂದು ಕಲ್ಲಿನ ಸಿಂಹ, ಅಲ್ಲಿಂದ ಬಲಕ್ಕೆ ಬಾಗಿ ಮೇಲೇರುವ ಹಾಲುಬಣ್ಣದ ಮೆಟ್ಟಿಲು, ತುದಿಯಲ್ಲಿ ಉದ್ದನೆಯ ಕಿಟಕಿ. ಸಿಂಹಕ್ಕೆ ಗೋಡೆ ಕಡೆಯ ಕಿವಿ ಇರಲಿಲ್ಲ. ನಲವತ್ತು ವರ್ಷ ಊರಿನ ಮದುಮಕ್ಕಳು, ಹಸುಗೂಸುಗಳು, ಪರೀಕ್ಷೆ ಪಾಸಾದವರು, ನಿವೃತ್ತರಾದವರು ಎಲ್ಲರೂ ಆ ಸಿಂಹದ ಪಕ್ಕ ನಿಂತವರೇ. ಊರಿನಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋದಿಂದ ಒಂಟಿ ಕಿವಿಯ ಸಿಂಹ ಇಣುಕಿ ನೋಡುತ್ತಿತ್ತು. ಹೋದ ವರ್ಷ ಸುರುಳಿ ಬಿಚ್ಚುವಾಗ ಆ ಪರದೆ ಸಿಂಹದ ಮೂಗಿನಿಂದ ಕಿಟಕಿಯ ತನಕ ಪರ್ರನೆ ಹರಿದುಹೋಯಿತು.

"ಹೋಗ್ಲಿ ಬಿಡಿ ಅತ್ತಿಗೆ" ಎಂದಿದ್ದ ಮೈದುನ. "ಇಂಟರ್ನೆಟ್ಟಲ್ಲಿ ಬೇಕಾದಷ್ಟು ಮೆಟ್ಟಿಲು ಸಿಗುತ್ತೆ. ಒಂದು ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ಹೊಡೆಸಿದ್ರೆ ಆಯ್ತು."

"ಯಾರೋ ತೆಗೆದ ಮೆಟ್ಟಿಲು ನನಗೆ ಬೇಡ. ಆ ಮೆಟ್ಟಿಲನ್ನೇ ನಾನು ಹೋಗಿ ತೆಗೀತೀನಿ."

"ನೀವಾ?"

ಆ ಒಂದು ಪದ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅನ್ನಿ. ಆ ಸ್ಟುಡಿಯೋದಲ್ಲಿ ಮೊದಲು ಕ್ಯಾಮೆರಾ ಹಿಡಿದವರು ಮಾವ, ಆಮೇಲೆ ಗಂಡ, ಗಂಡ ತೀರಿಕೊಂಡ ಎರಡು ವರ್ಷದಿಂದ ಮೈದುನ. ಅತ್ತಿಗೆಯ ಪಾಲಿಗೆ ಬಂದದ್ದು ಹಿಂದಿನ ಕತ್ತಲೆ ಕೋಣೆ. ಕತ್ತಲಲ್ಲಿ ಫಿಲ್ಮು ತೊಳೆದದ್ದು, ಕೆಂಪು ದೀಪದ ಕೆಳಗೆ ಪ್ರಿಂಟು ಹಾಕಿದ್ದು, ಊರವರ ಮೊಡವೆ, ಮಚ್ಚೆ, ಬೋಳುತಲೆಗಳನ್ನೆಲ್ಲ ಸಣ್ಣ ಕುಂಚದಲ್ಲಿ ತಿದ್ದಿ ಅವರನ್ನು ಅವರಿಗಿಂತ ಚೆಂದ ಮಾಡಿದ್ದು ಅವಳೇ. ಕಂಪ್ಯೂಟರು ಬಂದ ಮೇಲೂ ಅದೇ ಕೋಣೆ, ಅದೇ ಕೆಲಸ, ದೀಪದ ಬಣ್ಣ ಬೇರೆ ಅಷ್ಟೇ. ಗಂಡ ಕೆಟ್ಟವನಲ್ಲ. ಆದರೆ ಅವಳ ಕೈ ಕ್ಯಾಮೆರಾ ಕಡೆ ಹೋದಾಗಲೆಲ್ಲ "ಬಿಡು, ನಾನು ತೆಗೀತೀನಿ" ಎಂದು ಮೆತ್ತಗೆ ಹೇಳುತ್ತಿದ್ದ. ಮೈದುನ ಅದನ್ನೇ ಜೋರಾಗಿ ಹೇಳುತ್ತಾನೆ.

ಹೊಸ ಪರದೆಗೆ ಫೋಟೋ ತನ್ನ ಕೈಯಿಂದಲೇ ಆಗಬೇಕು, ಇಲ್ಲದಿದ್ದರೆ ಗೋಡೆ ಬೋಳಾಗಿಯೇ ಇರಲಿ ಎಂದು ಅವಳು ಹಟ ಹಿಡಿದಳು. ಮಾವನ ಹಳೆಯ ಪೆಟ್ಟಿಗೆ ಜಾಲಾಡಿ ಪರದೆಗೆ ಮೂಲವಾದ ಚಿತ್ರದ ನೆಗೆಟಿವ್ ಇಟ್ಟಿದ್ದ ಕವರನ್ನು ಹುಡುಕಿದಳು. ಒಳಗಿದ್ದದ್ದು ಬೂಷ್ಟು ಹಿಡಿದು ಪುಡಿಯಾಗಿತ್ತು. ಕವರಿನ ಮೇಲೆ ಮಾತ್ರ ಮಾವ ಪೆನ್ಸಿಲಿನಲ್ಲಿ ಬರೆದ ಅರಮನೆಯ ಹೆಸರು ಉಳಿದಿತ್ತು. ಮಾವ ಯಾರದೋ ಕ್ಯಾಲೆಂಡರನ್ನು ಒಂದು ದಿನದ ಮಟ್ಟಿಗೆ ತಂದು, ಅದರ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದು, ಹಿಂದಿರುಗಿಸಿದ್ದರಂತೆ. ಆ ನೆಗೆಟಿವಿನಿಂದ ತೆಗೆದ ದೊಡ್ಡ ಪ್ರಿಂಟು ನೋಡಿಕೊಂಡು ಪೇಂಟರ್ ಪರದೆ ಬರೆದದ್ದು. "ಅದು ನಮ್ಮಣ್ಣ ಮಾಡಿದ ಮೊದಲನೇ ದೊಡ್ಡ ಪ್ರಿಂಟು" ಎಂದು ಮೈದುನ ಸ್ಟುಡಿಯೋಗೆ ಬಂದವರಿಗೆಲ್ಲ ಹೇಳುತ್ತಿದ್ದ. ಆ ಪ್ರಿಂಟು ಮಾಡಿದಾಗ ಅವನಿಗೆ ಹತ್ತು ವರ್ಷ. ಅತ್ತಿಗೆ ತಿದ್ದಲು ಹೋಗಿರಲಿಲ್ಲ.

ಅವಳನ್ನು ಒಬ್ಬಳನ್ನೇ ಕಳಿಸಿದರೆ ಜನ ಏನಂದುಕೊಳ್ಳುತ್ತಾರೆ ಎಂದು ಮೈದುನ ತಾನೂ ಹೊರಟ, ಹೆಂಡತಿಯನ್ನೂ ಹೊರಡಿಸಿದ. ಅವಳ ಕೈಲಿ ಆಗದಿದ್ದರೆ ತಾನು ತೆಗೆದುಕೊಂಡು ಬರುವುದು ಅವನ ಲೆಕ್ಕಾಚಾರ. ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ತನ್ನ ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದ.

ಆರನೇ ದಿನ ಬೆಳಿಗ್ಗೆ ಬಸ್ಸು ಆ ಅರಮನೆಯ ಮುಂದೆ ನಿಂತಿತು. ಟೂರ್ ಮ್ಯಾನೇಜರ್ ಹಳದಿ ಬಾವುಟ ಎತ್ತಿ, "ಒಳಗೆ ಇಪ್ಪತ್ತೈದು ನಿಮಿಷ, ಅಷ್ಟೇ. ಬಸ್ಸು ಯಾರಿಗೂ ಕಾಯಲ್ಲ" ಎಂದ. ಜನವೆಲ್ಲ ಚಿನ್ನದ ಛಾವಣಿಯ ದೊಡ್ಡ ಹಜಾರದ ಕಡೆ ನುಗ್ಗಿದರು. ಅತ್ತಿಗೆ ಎದುರಿಗೆ ಸಿಕ್ಕ ಕಾವಲುಗಾರ್ತಿಗೆ ಹರಿದ ಪರದೆಯ ಫೋಟೋ ತೋರಿಸಿದಳು. ಆಕೆ ಹಿಂಭಾಗದ ಕಡೆ ಕೈ ಮಾಡಿದಳು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಎರಡು ಪಡಸಾಲೆ ದಾಟಿ, ಬಾಗಿಲೊಂದನ್ನು ಹಾದು ನಿಂತಳು.

ಮೆಟ್ಟಿಲು ಇತ್ತು. ಹಾಲುಬಣ್ಣ, ಉದ್ದನೆಯ ಕಿಟಕಿ, ಕಿಟಕಿಯಿಂದ ಓರೆಯಾಗಿ ಇಳಿದ ಬೆಳಕು. ಸಿಂಹವೂ ಇತ್ತು. ಆದರೆ ಸಿಂಹ ಬಲಗಡೆ ಕೂತಿತ್ತು, ಮೆಟ್ಟಿಲು ಎಡಕ್ಕೆ ಬಾಗಿ ಮೇಲೆ ಹೋಗಿತ್ತು. ನಲವತ್ತು ವರ್ಷ ಗೊತ್ತಿದ್ದವರು ಎದುರಿಗೆ ಬಂದು, ನಿಮ್ಮನ್ನು ಎಲ್ಲೂ ನೋಡಿದ ನೆನಪಿಲ್ಲವಲ್ಲ ಎಂದ ಹಾಗಾಯಿತು.

ಹಿಂದೆಯೇ ಮೈದುನ ಬಂದ, ಅವನ ಹಿಂದೆ ಬಸ್ಸಿನ ಅರ್ಧ ಜನ. ಅವನು ಒಮ್ಮೆ ಮೆಟ್ಟಿಲು ನೋಡಿದ, ಒಮ್ಮೆ ಅವಳ ಕೈಯಲ್ಲಿದ್ದ ಫೋಟೋ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ಇದು ಅದಲ್ಲ! ನಮ್ಮದು ಈ ಕಡೆ ತಿರುಗುತ್ತೆ, ಇದು ಆ ಕಡೆ. ಸಮುದ್ರ ದಾಟಿ ಬಂದು ಬೇರೆಯವರ ಮನೆ ಮೆಟ್ಟಿಲ ಮುಂದೆ ನಿಂತಿದ್ದೀರಲ್ಲ!"

"ಇಂಥ ಮೆಟ್ಟಿಲು ಈ ಕಡೆ ಅರಮನೆಗೊಂದು ಇರುತ್ತಮ್ಮ" ಎಂದು ಟೂರ್ ಮ್ಯಾನೇಜರ್ ಸಮಾಧಾನ ಹೇಳಿದ. "ಬನ್ನಿ, ಎಲ್ಲರೂ ನಿಲ್ಲಿ, ಒಂದು ಗ್ರೂಪ್ ಫೋಟೋ ತೆಗೆದುಬಿಡಿ."

ಆಗಲೇ ನಾಲ್ಕು ಫೋನುಗಳು ಅವಳ ಮೂಗಿನ ಹತ್ತಿರ ಬಂದಿದ್ದವು. ಅವಳು ಒಂದನ್ನೂ ಮುಟ್ಟದೆ ನೆಟ್ಟಗೆ ಸಿಂಹದ ಹತ್ತಿರ ಹೋದಳು. ಗೋಡೆ ಕಡೆಗೆ ಕೈ ತೂರಿಸಿ ಅದರ ತಲೆ ಸವರಿದಳು. ಕಿವಿ ಇರಬೇಕಾದ ಜಾಗ ಬೋಳಾಗಿತ್ತು. ಯಾವ ಕಾಲದಲ್ಲಿ ಮುರಿದದ್ದೋ, ಸವೆದು ನುಣ್ಣಗಾಗಿತ್ತು.

ಅವಳ ಬೆರಳುಗಳಿಗೆ ಮೊದಲು ಅರ್ಥವಾಯಿತು, ಆಮೇಲೆ ಅವಳಿಗೆ.

ಮದುವೆಯಾದ ಮೊದಲ ತಿಂಗಳು ಅದು. ಮಾವ ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ನೆಗೆಟಿವ್ ಕೊಟ್ಟು, "ಇದನ್ನೊಂದು ದೊಡ್ಡದು ಮಾಡಮ್ಮ, ನೋಡೋಣ" ಎಂದಿದ್ದರು. ಅವಳ ಜೀವಮಾನದ ಮೊದಲನೇ ದೊಡ್ಡ ಪ್ರಿಂಟು. ಫಿಲ್ಮಿಗೆ ಒಂದು ಮುಖ ಹೊಳಪು, ಇನ್ನೊಂದು ಮುಖ ಮಂಕು. ಮಂಕು ಮುಖ ಕೆಳಗೆ ಬರುವ ಹಾಗೆ ಮೆಷಿನ್ನಿಗೆ ಹಾಕಬೇಕು. ಹಾಗೆ ಹಾಕದಿದ್ದರೆ ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಆ ದಿನ ಕೆಂಪು ದೀಪದಲ್ಲಿ ಅವಳಿಗೆ ಯಾವುದು ಹೊಳಪು ಯಾವುದು ಮಂಕು ಎಂದು ತಿಳಿದಿರಲಿಲ್ಲ. ಮನುಷ್ಯರ ಮುಖವಾಗಿದ್ದರೆ ಬೈತಲೆ ನೋಡಿ ಯಾರಾದರೂ ಹಿಡಿಯುತ್ತಿದ್ದರು. ಯಾರೂ ನೋಡದ ಊರಿನ, ಯಾರೂ ಹತ್ತದ ಮೆಟ್ಟಿಲು, ಯಾರು ಹಿಡಿಯಬೇಕು? ಕ್ಯಾಲೆಂಡರ್ ಆಗಲೇ ವಾಪಸ್ಸು ಹೋಗಿತ್ತು. ಒದ್ದೆ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತಂದು ಪೇಂಟರ್ ಕೈಗೆ ಕೊಟ್ಟವನು ಗಂಡ. ಹೊರಗೆ ತಂದವನದೇ ಕೆಲಸ ಎಂದು ಎಲ್ಲರೂ ತಿಳಿದರು.

ಅವಳಿಗೆ ನಗು ಬಂತು. ಅದರ ಬೆನ್ನಲ್ಲೇ ಕೋಪವೂ ಬಂತು, ಆಮೇಲೆ ಎಂದೂ ಆಗದಷ್ಟು ಖುಷಿಯಾಯಿತು.

"ಇದೇ ಮೆಟ್ಟಿಲು" ಎಂದಳು. "ನಮ್ಮ ಪರದೆ ಉಲ್ಟಾ. ನೆಗೆಟಿವ್ ಮಗುಚಿ ಹಾಕಿದ್ದು."

ಮೈದುನನ ನಗು ನಿಂತಿತು. "ಏನ್ ಮಾತು ಅಂತ ಆಡ್ತೀರಿ ಅತ್ತಿಗೆ? ನಮ್ಮಣ್ಣ ಅಂಥ ತಪ್ಪು ಮಾಡೋರಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಅವರು ಮಾಡೋರೇ ಅಲ್ಲ. ಆ ತಪ್ಪು ನನ್ನದು." ಅವಳ ದನಿ ಆ ಕಲ್ಲಿನ ಕೋಣೆಯಲ್ಲಿ ಗಣಗಣ ಎಂದಿತು. "ತಪ್ಪು ನನ್ನದಾದ್ಮೇಲೆ ಆ ಪ್ರಿಂಟೂ ನನ್ನದೇ. ನಲವತ್ತು ವರ್ಷ ಊರಿಗೆ ಊರೇ ನಾನು ಮಾಡಿದ್ದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದೆ. ಗೊತ್ತಾಯ್ತಾ?"

ಮೈದುನನ ಹೆಂಡತಿ, ಐದು ದಿನದಿಂದ ಗಂಡನ ಟೋಪಿ, ಗಂಡನ ನೀರಿನ ಬಾಟಲಿ ಹೊತ್ತುಕೊಂಡು ತುಟಿ ಪಿಟಕ್ಕೆನ್ನದೆ ಬಂದವಳು, ಬಾಟಲಿಯನ್ನು ನೆಲದ ಮೇಲೆ ಇಟ್ಟು, "ಅಕ್ಕಾ, ಇನ್ನು ಹತ್ತೇ ನಿಮಿಷ ಇದೆ" ಎಂದಳು.

ಅತ್ತಿಗೆ ಚೀಲದಿಂದ ಮೂರು ಕಾಲಿನ ಸ್ಟ್ಯಾಂಡು ತೆಗೆದಳು. ತೆಗೆದದ್ದೇ ತಡ, ಕಾವಲುಗಾರ್ತಿ ಓಡಿಬಂದು ಬೆರಳಾಡಿಸಿದಳು. ಭಾಷೆ ಬೇಕಾಗಿರಲಿಲ್ಲ. ಸ್ಟ್ಯಾಂಡು ಇಡಕೂಡದು.

"ಮುಗೀತಲ್ಲ" ಎಂದ ಮೈದುನ. "ಕೊಡಿ, ಕೈಯಲ್ಲೇ ಹಿಡಿದು ನಾನು ತೆಗೀತೀನಿ."

"ನೀನು ತೆಗೆದರೆ ಈ ಜನರನ್ನೆಲ್ಲ ಎಲ್ಲಿಗೆ ಕಳಿಸ್ತೀಯ? ಪರದೆ ಮೇಲೆ ಮೊದಲೇ ಜನ ಇದ್ದರೆ ಗಿರಾಕಿಗಳು ಎಲ್ಲಿ ನಿಲ್ಲಬೇಕು?"

ನಿಜಕ್ಕೂ ಮೆಟ್ಟಿಲು ಸಂತೆಯಾಗಿತ್ತು. ಹತ್ತುವವರು, ಇಳಿಯುವವರು, ಬೇರೆ ಬೇರೆ ಬಸ್ಸುಗಳಲ್ಲಿ ಬಂದವರು. ಅವರನ್ನು ತಡೆಯಲು ಅರಮನೆಯ ಒಡೆಯನೇ ಎದ್ದು ಬರಬೇಕಿತ್ತು. ಅತ್ತಿಗೆ ಯಾರನ್ನೂ ತಡೆಯಲು ಹೋಗಲಿಲ್ಲ. ಎದುರಿನ ಕಂಬದಲ್ಲಿ ಎದೆಯೆತ್ತರಕ್ಕೆ ಒಂದು ಕಲ್ಲಿನ ಚಾಚು ಇತ್ತು. ಬಸ್ಸಿನಲ್ಲಿ ಮೈದುನ ಕುತ್ತಿಗೆಗೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ ದಿಂಬನ್ನು ಅವನ ಹೆಂಡತಿಯ ಕೈಯಿಂದ ಇಸಿದುಕೊಂಡು ಅದರ ಮೇಲಿಟ್ಟಳು, ದಿಂಬಿನ ನಡುವೆ ಕ್ಯಾಮೆರಾ ಒತ್ತಿ ಕೂರಿಸಿದಳು. ಕಾವಲುಗಾರ್ತಿ ದಿಂಬನ್ನು ನೋಡಿದಳು, ಯೋಚಿಸಿದಳು, ದಿಂಬಿಗೆ ಕಾಲಿಲ್ಲವಲ್ಲ ಎಂದುಕೊಂಡಳೋ ಏನೋ, ಸುಮ್ಮನಾದಳು. ಆಮೇಲೆ ಅತ್ತಿಗೆ ಲೆನ್ಸಿನ ಮುಂದೆ ಒಂದು ಕಪ್ಪು ಗಾಜು ತಿರುಗಿಸಿದಳು. ಗಂಡ ಎಂದೋ ಆಸೆಪಟ್ಟು ಕೊಂಡು ಒಂದು ದಿನವೂ ಬಳಸದ ಗಾಜು. ಅದು ಹಾಕಿದರೆ ಬೆಳಕು ಒಳಗೆ ಹನಿಹನಿಯಾಗಿ ಇಳಿಯುತ್ತದೆ, ಒಂದು ಫೋಟೋ ಆಗಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಕಲ್ಲು ಅಲ್ಲೇ ಇರುತ್ತದೆ, ನಡೆದಾಡುವವರ ಗುರುತು ಮಾತ್ರ ಉಳಿಯುವುದಿಲ್ಲ. ನಿಂತವರಷ್ಟೇ ಉಳಿಯುತ್ತಾರೆ.

ಅವಳು ಬಸ್ಸಿನವರ ಕಡೆ ತಿರುಗಿದಳು.

"ಇಷ್ಟು ದಿನ ನಿಮ್ಮನ್ನೆಲ್ಲ ನಿಲ್ಲಿ ನಿಲ್ಲಿ ಅಂದೆ. ಇವತ್ತು ಈ ಮೆಟ್ಟಿಲ ಮೇಲೆ ಯಾರೂ ನಿಲ್ಲೋ ಹಾಗಿಲ್ಲ. ಹತ್ತಿ, ಇಳೀರಿ, ಕುಣೀರಿ, ನಿಮ್ಮಿಷ್ಟ. ನಿಂತರೆ ಮಾತ್ರ ನನ್ನ ಕೈಲಿ ಮುಂದೆ ಒಂದು ಫೋಟೋನೂ ತೆಗೆಸಿಕೊಳ್ಳೋ ಆಸೆ ಬಿಡಿ."

"ಇದೊಳ್ಳೆ ದಬ್ಬಾಳಿಕೆ" ಎಂದು ಮೇಷ್ಟ್ರು ಗೊಣಗಿದರು. ಆದರೆ ಅವರೇ ಮೊದಲು ಮೆಟ್ಟಿಲು ಹತ್ತಲು ಶುರು ಮಾಡಿದರು.

ಅತ್ತಿಗೆ ಗುಂಡಿ ಒತ್ತಿ ಹಿಡಿದು ಎಣಿಸತೊಡಗಿದಳು. ಕತ್ತಲೆ ಕೋಣೆಯಲ್ಲಿ ಗಡಿಯಾರ ಇರಲಿಲ್ಲ. ವರ್ಷಾನುಗಟ್ಟಲೆ ಅವಳು ಬಾಯಲ್ಲೇ ಸೆಕೆಂಡು ಎಣಿಸಿದವಳು, ಆ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಅರವತ್ತು ಆಯಿತು. ತೊಂಬತ್ತು ಆಯಿತು. ಮೇಷ್ಟ್ರು ಹತ್ತಿ ಇಳಿದು ಮತ್ತೆ ಹತ್ತುತ್ತಿದ್ದರು. ನೂರು ಎನ್ನುವಷ್ಟರಲ್ಲಿ ಮೈದುನ ನೇರ ಹೋಗಿ ಸಿಂಹದ ಪಕ್ಕ ನಿಂತುಕೊಂಡ. ಕೈ ಕಟ್ಟಿಕೊಂಡು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಾ ನಿಂತ.

"ನನ್ನ ಸ್ಟುಡಿಯೋ ಪರದೆಯಲ್ಲಿ ನಾನಿದ್ದರೆ ಯಾರಪ್ಪನ ಗಂಟು ಹೋಗುತ್ತೆ?"

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅವನು. ಮದುವೆ ಫೋಟೋದಲ್ಲೇ ಅಲ್ಲಾಡಿ ಮೂರು ಕೈ ಬಂದಿದ್ದ ಮಹಾರಾಯ. ಇವತ್ತು ಮಾತ್ರ ಕಂಬದ ಹಾಗೆ ನಿಂತಿದ್ದಾನೆ! ನೂರಾ ಐದು, ನೂರಾ ಆರು. ಬೈಯಲು ಬಾಯಿ ತೆರೆದರೆ ಎಣಿಕೆ ತಪ್ಪುತ್ತದೆ. ಸುಮ್ಮನಿದ್ದರೆ ಇನ್ನು ನಲವತ್ತು ವರ್ಷ ಊರಿನ ಪ್ರತಿಯೊಂದು ಮದುಮಗಳ ಹಿಂದೆಯೂ ಈ ಮೈದುನ ಕೈ ಕಟ್ಟಿಕೊಂಡು ನಿಂತಿರುತ್ತಾನೆ. ನಿಲ್ಲಿಸಿ ಮತ್ತೆ ಶುರು ಮಾಡೋಣವೆಂದರೆ ಹೊತ್ತಿಲ್ಲ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಎಣಿಸುತ್ತಲೇ ಇದ್ದಳು. ನೂರಾ ಹನ್ನೆರಡು, ನೂರಾ ಹದಿಮೂರು.

"ರೀ" ಎಂದು ಪಕ್ಕದಿಂದ ಒಂದು ದನಿ ಬಂತು. ಅವನ ಹೆಂಡತಿ. "ನಿಮ್ಮ ಫೋನು ಬಸ್ಸಲ್ಲೇ ಬಿಟ್ಟು ಬಂದ್ರಾ?"

ಮೈದುನನ ಎರಡೂ ಕೈ ಎರಡೂ ಜೇಬಿಗೆ ಹೋದವು, ಅಲ್ಲಿಂದ ಎದೆಗೆ, ಎದೆಯಿಂದ ಹಿಂದಿನ ಜೇಬಿಗೆ. "ಅಯ್ಯೋ!" ಎಂದವನೇ ಅರಮನೆಯ ಪಡಸಾಲೆಗಳು ದಡದಡ ಅನ್ನುವ ಹಾಗೆ ಓಡಿದ. ಫೋನು ಬಸ್ಸಿನಲ್ಲಿರಲಿಲ್ಲ. ಹೆಂಡತಿಯ ಚೀಲದಲ್ಲೇ ಇತ್ತು. ಕಳೆದುಕೊಳ್ಳುತ್ತಾನೆ ಎಂದು ಬೆಳಿಗ್ಗೆ ಅವಳೇ ಎತ್ತಿಟ್ಟಿದ್ದಳು. ಅವಳು ಅತ್ತಿಗೆಯ ಮುಖ ನೋಡಲಿಲ್ಲ, ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ನೀರು ಕುಡಿದಳು. ಅತ್ತಿಗೆ ಇನ್ನೂರಾ ನಲವತ್ತರ ತನಕ ಎಣಿಸಿ ಕೈ ತೆಗೆದಳು.

ಬಸ್ಸು ಹತ್ತಿದಾಗ ಟೂರ್ ಮ್ಯಾನೇಜರ್ ಗಡಿಯಾರ ತೋರಿಸಿ, "ನಿಮ್ಮಿಂದ ಎಲ್ಲರಿಗೂ ಎಂಟು ನಿಮಿಷ ಲೇಟಾಯ್ತಮ್ಮ" ಎಂದ.

"ಹೌದು, ನನ್ನಿಂದಲೇ" ಎಂದಳು ಅತ್ತಿಗೆ, ಹೋಗಿ ಕಿಟಕಿ ಪಕ್ಕ ಕೂತಳು.

ಫೋಟೋ ನೋಡಲು ಕ್ಯಾಮೆರಾ ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಮೆಟ್ಟಿಲು ಆಗತಾನೇ ಕಟ್ಟಿ ಮುಗಿಸಿದಂತೆ ಖಾಲಿ ಇತ್ತು, ಸಿಂಹ ಬಲಗಡೆ ಗಟ್ಟಿಯಾಗಿ ಕೂತಿತ್ತು. ಮೂರು ಸಲ ಹತ್ತಿ ಇಳಿದ ಮೇಷ್ಟ್ರು ಕನ್ನಡಕ ಏರಿಸಿ, ಇಳಿಸಿ ತಮ್ಮನ್ನು ಹುಡುಕಿ ಸೋತರು. ಮೈದುನ ಕೊನೆಗೆ ಇಸಿದುಕೊಂಡು ನೋಡಿದ.

"ನಾನು ನಿಂತಿದ್ದೆನಲ್ಲ. ನಾನೆಲ್ಲಿ?"

ಸಿಂಹದ ಪಕ್ಕ ಬೆರಳಲ್ಲಿ ಒರೆಸಿದಷ್ಟು ಒಂದು ಮಬ್ಬು ಇತ್ತು. ಅತ್ತಿಗೆ ಅದರ ಮೇಲೆ ಉಗುರಿಟ್ಟು ತೋರಿಸಿದಳು. "ಇಷ್ಟು ನಿಂತಿದ್ದೆ."

ಊರಿಗೆ ಬಂದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತು ಕಿಟಕಿಯ ಗಾಜಿನ ಕೊಳೆ ತೆಗೆದಳು, ನೆಲದ ಒಂದು ಕಾಗದದ ಚೂರು ತೆಗೆದಳು. ಆ ಮಬ್ಬು ತೆಗೆಯಲು ಎರಡು ನಿಮಿಷ ಸಾಕಿತ್ತು. ಇರಲಿ, ಎಷ್ಟಾದರೂ ಮನೆಯವನು ಎಂದು ಬಿಟ್ಟಳು. ಹಿಂದಿನಿಂದ ನೋಡುತ್ತಿದ್ದ ಮೈದುನ ಕೆಮ್ಮಿದ.

"ಅತ್ತಿಗೆ, ಒಂದು ಮಾತು. ಕಂಪ್ಯೂಟರಲ್ಲಿ ಒಂದು ಸಲ ಮಗುಚಿಬಿಡಿ. ಸಿಂಹ ಎಡಗಡೆಗೆ ಬರುತ್ತೆ. ಜನಕ್ಕೆ ಅದೇ ಅಭ್ಯಾಸ. ಹಳೇ ಫೋಟೋಗೂ ಹೊಸಾ ಫೋಟೋಗೂ ಹೊಂದಿಕೆ ಆಗುತ್ತೆ, ನಮ್ಮ ತಪ್ಪೂ ಯಾರಿಗೂ ಗೊತ್ತಾಗಲ್ಲ."

"ನಮ್ಮ ತಪ್ಪಲ್ಲ, ನನ್ನದು. ಗೊತ್ತಾಗಲಿ. ಕೇಳಿದವರಿಗೆಲ್ಲ ನಾನೇ ಹೇಳ್ತೀನಿ."

"ಜನ ಎಡಗಡೆಗೇ ಹೋಗಿ ನಿಲ್ತಾರಲ್ಲ?"

"ತಿರುಗಲಿ. ನಲವತ್ತು ವರ್ಷ ನನ್ನ ತಪ್ಪಿಗೆ ತಿರುಗಿದ ಊರು, ಈಗ ನನ್ನ ಸರಿಗೆ ತಿರುಗಲಿ."

ಹಳೆಯ ಪರದೆಯ ಕೆಳಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆದಿದ್ದ. ಹೊಸ ಪರದೆ ಬಂದಾಗ ಅದೇ ಮೂಲೆಯಲ್ಲಿ ಅತ್ತಿಗೆಯ ಹೆಸರು ಅಚ್ಚಾಗಿತ್ತು. ಮೈದುನ ಅದನ್ನು ಎರಡು ಸಲ ಓದಿದ. ಅತ್ತಿಗೆ ಎಂದು ಕರೆದು ಕರೆದು ಆ ಹೆಸರು ಅವನಿಗೆ ಮರೆತೇಹೋಗಿತ್ತು. ಆಮೇಲೆ ಏಣಿ ತಂದು ತಾನೇ ಹತ್ತಿ ಪರದೆ ತೂಗುಹಾಕಿದ, ದೀಪಗಳನ್ನು ಹೊಂದಿಸಿದ. ಬೆಳಕು ಸರಿಯಿದೆಯೋ ಇಲ್ಲವೋ ನೋಡಲು ಯಾರಾದರೂ ನಿಲ್ಲಬೇಕಿತ್ತು. ಅವನು ಅಭ್ಯಾಸಬಲದಿಂದ ಕ್ಯಾಮೆರಾ ಕಡೆ ಕೈ ಚಾಚಿದ.

"ಬಿಡಿ ಅತ್ತಿಗೆ, ನಾನು ತೆಗೀತೀನಿ."

ಅವಳು ಕ್ಯಾಮೆರಾದ ಮೇಲಿಟ್ಟ ಕೈ ತೆಗೆಯಲಿಲ್ಲ.

"ನಾನು ತೆಗೀತೀನಿ. ನೀವಿಬ್ಬರೂ ಅಲ್ಲಿ ಹೋಗಿ ನಿಲ್ಲಿ."

ಅವನ ಹೆಂಡತಿ ಸೆರಗು ಸರಿಮಾಡಿಕೊಂಡು ನೇರವಾಗಿ ಬಲಗಡೆಗೆ ಹೋಗಿ ಸಿಂಹದ ಪಕ್ಕ ನಿಂತಳು. ಮೈದುನ ಎಡಗಡೆಗೆ ಹೋದ. ಚಿಕ್ಕಂದಿನಿಂದ ಅಲ್ಲೇ ಇದ್ದ ಸಿಂಹದ ತಲೆಯ ಮೇಲೆ ಕೈ ಇಡಲು ಹೋದ, ಕೈ ಪರದೆಯ ಮೇಲಿನ ಬರಿಯ ಮೆಟ್ಟಿಲಿಗೆ ತಾಗಿತು. ಅತ್ತಿಗೆ ಕಾದಳು. ಅವನು ಎರಡೂ ಕಡೆ ನೋಡಿ, ಬೆಪ್ಪಾಗಿ, ಪರದೆಯ ಮುಂದೆ ಉದ್ದಕ್ಕೂ ನಡೆದು ಹೆಂಡತಿಯ ಪಕ್ಕ ಬಂದು ನಿಂತ.

"ಈಗ ಅಲ್ಲಾಡಬೇಡ" ಎಂದು ಹೇಳಿ ಅತ್ತಿಗೆ ಗುಂಡಿ ಒತ್ತಿದಳು.